ಬೆಂಗಳೂರಿನ ಟ್ರಾಫಿಕ್‌ಗೆ ಒಂದು ಸಣ್ಣ ಕಾರು: ಆರಿಸುವುದು ಹೇಗೆ?

ಆಫೀಸಿಗೆ ಓಡಾಡಲು ಕಾರು ತಗೋಬೇಕು ಅಂದುಕೊಂಡವರು ಮೊದಲು ಕೇಳುವುದು "ಯಾವ ಕಾರು ಚೆನ್ನಾಗಿದೆ?" ಅಂತ. ಉತ್ತರ ಹೇಳುವವರಿಗೇನೂ ಬರವಿಲ್ಲ. ಆದರೆ ಬನಶಂಕರಿಯಿಂದ ದಿನಾ ಮಾರತ್ತಹಳ್ಳಿಗೆ ಹೋಗುವವರಿಗೂ, ಕೆಂಗೇರಿಯಿಂದ ನೈಸ್ ರಸ್ತೆ ಹಿಡಿದು ಎಲೆಕ್ಟ್ರಾನಿಕ್ ಸಿಟಿಗೆ ಹೋಗುವವರಿಗೂ ಒಂದೇ ಕಾರು ಸರಿಹೋಗುವುದಿಲ್ಲ. ಒಬ್ಬರ ಎಡಗಾಲು ಸಿಲ್ಕ್ ಬೋರ್ಡ್ ಹತ್ತಿರ ಕ್ಲಚ್ ಒತ್ತಿ ಒತ್ತಿ ಸೋಲುತ್ತದೆ. ಇನ್ನೊಬ್ಬರು ಖಾಲಿ ರಸ್ತೆಯಲ್ಲಿ ಟಾಪ್ ಗೇರಲ್ಲಿ ಆರಾಮವಾಗಿ ಹೋಗುತ್ತಾರೆ. ಅದಕ್ಕೇ ನಾನು ಕೇಳಿದವರಿಗೆಲ್ಲ ಹೇಳುವುದು: ಮೊದಲು ನಿಮ್ಮ ದಾರಿ ನೋಡಿಕೊಳ್ಳಿ, ಕಾರು ಆಮೇಲೆ.

ಇಲ್ಲಿ ಸಣ್ಣ ಕಾರು ಅಂದರೆ ನಾಲ್ಕು ಮೀಟರ್ ಒಳಗಿನದು. ಇದಕ್ಕೆ ತೆರಿಗೆಯ ಕಾರಣವೂ ಇದೆ. 2025ರ ಸೆಪ್ಟೆಂಬರ್ 22ರಿಂದ, ನಾಲ್ಕು ಮೀಟರ್ ಮೀರದ, 1200 ಸಿಸಿ ಒಳಗಿನ ಪೆಟ್ರೋಲ್ ಮತ್ತು ಸಿಎನ್‌ಜಿ ಕಾರುಗಳಿಗೆ ಜಿಎಸ್‌ಟಿ 18% ಆಗಿದೆ. ಅದಕ್ಕೂ ಮೊದಲು ಸೆಸ್ ಸೇರಿ 29% ಇತ್ತು. ದೊಡ್ಡ ಕಾರುಗಳಿಗೆ ಈಗ 40%. ಹಾಗಾಗಿ ಸಣ್ಣ ಕಾರು ಕೊಳ್ಳುವವರಿಗೆ ಇದು ಒಳ್ಳೆಯ ಕಾಲ.

ಹಂತ 1: ದಿನದ ದಾರಿಯನ್ನು ಬರೆದಿಟ್ಟುಕೊಳ್ಳಿ

ಹೋಗಿ ಬರಲು ಒಟ್ಟು ಎಷ್ಟು ಕಿಲೋಮೀಟರ್? ಎಷ್ಟು ಹೊತ್ತು ಹಿಡಿಯುತ್ತದೆ? ಅದರಲ್ಲಿ ಎಷ್ಟು ಹೊತ್ತು ಸುಮ್ನೆ ನಿಂತಿರುತ್ತೀರಿ? ಕಾರಿನಲ್ಲಿ ಎಷ್ಟು ಜನ? ಮಕ್ಕಳನ್ನು ಶಾಲೆಗೆ ಬಿಟ್ಟು ಹೋಗಬೇಕಾ? ಮನೆಯಲ್ಲಿ, ಆಫೀಸಿನಲ್ಲಿ ಪಾರ್ಕಿಂಗ್ ಹೇಗಿದೆ?

ಟಾಮ್‌ಟಾಮ್ ಸಂಸ್ಥೆಯ ಲೆಕ್ಕದ ಪ್ರಕಾರ 2023ರಲ್ಲಿ ಬೆಂಗಳೂರಿನ ನಡುಭಾಗದಲ್ಲಿ 10 ಕಿಲೋಮೀಟರ್ ಸಾಗಲು ಸರಾಸರಿ 28 ನಿಮಿಷ 10 ಸೆಕೆಂಡ್ ಬೇಕಿತ್ತು. ಅಂದರೆ ಗಂಟೆಗೆ ಸುಮಾರು 21 ಕಿಲೋಮೀಟರ್. ಆಫೀಸ್ ಟೈಮಲ್ಲಿ ಔಟರ್ ರಿಂಗ್ ರೋಡ್ ಹಿಡಿಯುವವರಿಗೆ ಅಷ್ಟು ವೇಗವೂ ಸಿಗುವುದಿಲ್ಲ. ಈ ವೇಗದಲ್ಲಿ ಎಂಜಿನ್ ಪವರ್ 70 ಇದ್ದರೂ ಒಂದೇ, 100 ಇದ್ದರೂ ಒಂದೇ. ಕ್ಲಚ್ ಎಷ್ಟು ಹಗುರ, ಸೀಟು ಎಷ್ಟು ಹಿತ, ಸುತ್ತಲೂ ಎಷ್ಟು ಕಾಣುತ್ತದೆ, ನಿಂತಲ್ಲೇ ಎಸಿ ಎಷ್ಟು ತಂಪು ಕೊಡುತ್ತದೆ, ಇವೇ ಮುಖ್ಯವಾಗುತ್ತವೆ.

ಟೇಪ್ ಹಿಡಿದು ಪಾರ್ಕಿಂಗ್ ಜಾಗ ಅಳೆಯಿರಿ. ಗೇಟಿನ ಅಗಲ, ಕಂಬದಿಂದ ಕಂಬಕ್ಕೆ ಇರುವ ಅಂತರ, ಎರಡೂ ಬೇಕು. ಆಲ್ಟೊ ಕೆ10 ಅಗಲ 1490 ಮಿಲಿಮೀಟರ್, ವ್ಯಾಗನ್‌ಆರ್ 1620, ಸ್ವಿಫ್ಟ್ 1735. ಕಾಗದದ ಮೇಲೆ ಇದು ದೊಡ್ಡ ವ್ಯತ್ಯಾಸ ಅನ್ನಿಸುವುದಿಲ್ಲ. ಆದರೆ ಇಕ್ಕಟ್ಟಿನ ಜಾಗದಲ್ಲಿ ಬಾಗಿಲು ತೆಗೆದು ಇಳಿಯಲು ಆಗುತ್ತದೋ ಇಲ್ಲವೋ ಅನ್ನುವುದು ಇಷ್ಟರಲ್ಲೇ ತೀರ್ಮಾನವಾಗುತ್ತದೆ. ಅಪಾರ್ಟ್‌ಮೆಂಟಿನಲ್ಲಿ ಒಂದರ ಮೇಲೊಂದು ಕಾರು ನಿಲ್ಲಿಸುವ ಸ್ಟ್ಯಾಕ್ ಪಾರ್ಕಿಂಗ್ ಇದ್ದರೆ ಎತ್ತರದ ಮಿತಿಯನ್ನೂ ಕೇಳಿಕೊಳ್ಳಿ. ವ್ಯಾಗನ್‌ಆರ್ 1675 ಮಿಲಿಮೀಟರ್ ಎತ್ತರ ಇದೆ. ಕೆಲವು ಕಡೆ ಅದು ಒಳಗೆ ಹೋಗುವುದಿಲ್ಲ.

ಇನ್ನೊಂದು ಮಾತು. 2025ರ ಆಗಸ್ಟ್‌ನಲ್ಲಿ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗೆ ಮೆಟ್ರೊ ಹಳದಿ ಮಾರ್ಗ ಶುರುವಾಯಿತು. ನೇರಳೆ ಮಾರ್ಗ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೂ ಇದೆ. ನಿಮ್ಮ ಆಫೀಸು ಈ ದಾರಿಯಲ್ಲಿದ್ದರೆ, ಕಾರು ಬೇಕಿರುವುದು ಸ್ಟೇಷನ್‌ವರೆಗೆ ಮತ್ತು ಶನಿವಾರ ಭಾನುವಾರಕ್ಕೆ ಅಷ್ಟೇ. ಆಗ ಎಂಟು ಲಕ್ಷದ ಹೊಸ ಕಾರಿಗಿಂತ ಮೂರು ಲಕ್ಷದ ಸೆಕೆಂಡ್ ಹ್ಯಾಂಡ್ ಕಾರು ಜಾಣತನ.

ಹಂತ 2: ಆನ್‌ರೋಡ್ ಬೆಲೆಯಿಂದ ಲೆಕ್ಕ ಹಾಕಿ

ಜಾಹೀರಾತಿನಲ್ಲಿ ಕಾಣುವುದು ಎಕ್ಸ್‌ಶೋರೂಮ್ ಬೆಲೆ. ಕರ್ನಾಟಕದಲ್ಲಿ ಅದರ ಮೇಲೆ ಬೀಳುವ ಲೈಫ್‌ಟೈಮ್ ಟ್ಯಾಕ್ಸ್ ದೇಶದಲ್ಲೇ ಜಾಸ್ತಿ ಇರುವ ಸಾಲಿಗೆ ಸೇರುತ್ತದೆ. ಪೆಟ್ರೋಲ್ ಕಾರುಗಳಿಗೆ 5 ಲಕ್ಷದವರೆಗೆ 13%, 5ರಿಂದ 10 ಲಕ್ಷಕ್ಕೆ 14%, 10ರಿಂದ 20 ಲಕ್ಷಕ್ಕೆ 17%. ಆ ತೆರಿಗೆಯ ಮೇಲೆ ಮತ್ತೆ ಸೆಸ್. ಎಕ್ಸ್‌ಶೋರೂಮ್ 6.5 ಲಕ್ಷದ ಕಾರಿಗೆ ತೆರಿಗೆಯೇ ಸುಮಾರು 1 ಲಕ್ಷ ಆಗುತ್ತದೆ. ವಿಮೆ, ಫಾಸ್ಟ್ಯಾಗ್, ನೋಂದಣಿ ಎಲ್ಲ ಸೇರಿದರೆ 8 ಲಕ್ಷದ ಹತ್ತಿರ ಬಂದು ನಿಲ್ಲುತ್ತದೆ.

10 ಲಕ್ಷದ ಗಡಿಯಲ್ಲಿ ಹುಷಾರಾಗಿರಿ. 9.95 ಲಕ್ಷದ ವೇರಿಯಂಟ್ ಬಿಟ್ಟು 10.05 ಲಕ್ಷದ್ದನ್ನು ತಗೊಂಡರೆ ಹೆಚ್ಚು ಕೊಡುವುದು ಬರೀ ಹತ್ತು ಸಾವಿರ ಅಲ್ಲ. ತೆರಿಗೆಯಲ್ಲೇ ಇನ್ನೂ ಮೂವತ್ತು ಸಾವಿರಕ್ಕೂ ಮೇಲೆ ಹೋಗುತ್ತದೆ.

ಸಾಲದ ವಿಷಯಕ್ಕೆ ಬರೋಣ. 5 ಲಕ್ಷ ಸಾಲ, 9% ಬಡ್ಡಿ ಅಂದುಕೊಳ್ಳಿ. 5 ವರ್ಷಕ್ಕೆ ತಿಂಗಳ ಕಂತು ಸುಮಾರು 10,380, ಒಟ್ಟು ಬಡ್ಡಿ 1.23 ಲಕ್ಷ. 7 ವರ್ಷಕ್ಕೆ ಹೋದರೆ ಕಂತು 8,045ಕ್ಕೆ ಇಳಿಯುತ್ತದೆ, ಆದರೆ ಬಡ್ಡಿ 1.76 ಲಕ್ಷಕ್ಕೆ ಏರುತ್ತದೆ. ಶೋರೂಮಿನಲ್ಲಿ ತೋರಿಸುವುದು ಯಾವಾಗಲೂ ಕಡಿಮೆ ಕಂತನ್ನೇ. 5 ವರ್ಷದೊಳಗೆ ತೀರಿಸಲು ಆಗದಿದ್ದರೆ ಒಂದು ಮೆಟ್ಟಿಲು ಕೆಳಗಿನ ಕಾರು ನೋಡಿ. ಕಂತು, ಪೆಟ್ರೋಲ್, ವಿಮೆ, ಸರ್ವಿಸ್ ಎಲ್ಲ ಕೂಡಿ ಕೈಗೆ ಬರುವ ಸಂಬಳದ ಐದನೇ ಒಂದು ಭಾಗ ದಾಟಬಾರದು ಅನ್ನುವುದು ನನ್ನ ಲೆಕ್ಕ.

ಹಂತ 3: ಪೆಟ್ರೋಲಾ, ಸಿಎನ್‌ಜಿನಾ, ಕರೆಂಟಾ?

ಡೀಸೆಲ್ ಬಿಟ್ಟುಬಿಡಿ. ಬಿಎಸ್6 ಡೀಸೆಲ್ ಕಾರಿನ ಹೊಗೆ ಫಿಲ್ಟರ್ ಚೊಕ್ಕವಾಗಬೇಕಾದರೆ ಆಗಾಗ ಒಂದೇ ವೇಗದಲ್ಲಿ ಉದ್ದ ಓಡಬೇಕು. ಸಿಟಿ ಓಟದಲ್ಲಿ ಅದು ಕಟ್ಟಿಕೊಳ್ಳುತ್ತದೆ.

ಉಳಿದದ್ದಕ್ಕೆ ಒಂದು ಲೆಕ್ಕ ಹಾಕೋಣ. ದಿನಕ್ಕೆ 30 ಕಿಲೋಮೀಟರ್, ತಿಂಗಳಿಗೆ 24 ದಿನ, ಒಟ್ಟು 720 ಕಿಲೋಮೀಟರ್. ಕಂಪನಿ ಹೇಳುವ ಮೈಲೇಜು 24 ಅಂತ ಇದ್ದರೂ ಬೆಂಗಳೂರಿನಲ್ಲಿ 15 ಸಿಕ್ಕಿತು ಅಂತಿಟ್ಟುಕೊಳ್ಳಿ. ಲೀಟರಿಗೆ 103 ರೂಪಾಯಿ ಹಿಡಿದರೆ ತಿಂಗಳಿಗೆ 4,944. ಅದೇ ಸಿಎನ್‌ಜಿ ಕೆಜಿಗೆ 24 ಕಿಲೋಮೀಟರ್ ಕೊಟ್ಟರೆ, ಕೆಜಿಗೆ 90 ರೂಪಾಯಿಯಂತೆ 2,700. ಉಳಿತಾಯ 2,244. ಸಿಎನ್‌ಜಿ ವೇರಿಯಂಟ್‌ಗೆ 90 ಸಾವಿರ ಜಾಸ್ತಿ ಕೊಟ್ಟಿದ್ದರೆ ಅದು ವಾಪಸ್ ಬರಲು 40 ತಿಂಗಳು ಬೇಕು. ನಿಮ್ಮ ಕಿಲೋಮೀಟರ್, ಆ ದಿನದ ರೇಟು ಹಾಕಿ ಇದನ್ನೇ ಮತ್ತೆ ಮಾಡಿ ನೋಡಿ. ದಿನಕ್ಕೆ 50 ಕಿಲೋಮೀಟರ್ ಓಡುವವರಿಗೆ ಸಿಎನ್‌ಜಿ ಖಂಡಿತ ಲಾಭ. 15 ಕಿಲೋಮೀಟರ್ ಓಡುವವರಿಗೆ ಬೇಡವೇ ಬೇಡ.

ದುಡ್ಡಿನ ಆಚೆಗೂ ನೋಡಬೇಕು. ನಿಮ್ಮ ದಾರಿಯಲ್ಲಿ ಸಿಎನ್‌ಜಿ ಬಂಕ್ ಇದೆಯಾ? ನೀವು ಹೋಗುವ ಹೊತ್ತಿಗೆ ಅಲ್ಲಿ ಆಟೋಗಳ ಸಾಲು ಎಷ್ಟು ಉದ್ದ ಇರುತ್ತದೆ? ಒಮ್ಮೆ ಹೋಗಿ ನೋಡಿ ಬನ್ನಿ. ಒಂದೇ ದೊಡ್ಡ ಸಿಲಿಂಡರ್ ಇರುವ ಕಾರುಗಳಲ್ಲಿ ಡಿಕ್ಕಿ ಹೆಚ್ಚುಕಮ್ಮಿ ಹೋದ ಹಾಗೆಯೇ. ಟಾಟಾ, ಹ್ಯುಂಡೈ ಕಾರುಗಳಲ್ಲಿ ಎರಡು ಚಿಕ್ಕ ಸಿಲಿಂಡರ್‌ಗಳನ್ನು ಡಿಕ್ಕಿಯ ತಳದಲ್ಲಿ ಮಲಗಿಸಿರುವುದರಿಂದ ಒಂದಿಷ್ಟು ಜಾಗ ಉಳಿಯುತ್ತದೆ. ಮೂರು ವರ್ಷಕ್ಕೊಮ್ಮೆ ಸಿಲಿಂಡರ್‌ಗೆ ಹೈಡ್ರೋ ಟೆಸ್ಟ್, ಅಂದರೆ ನೀರಿನ ಒತ್ತಡದ ಪರೀಕ್ಷೆ, ಮಾಡಿಸಬೇಕು. ಅದನ್ನು ಮರೆಯಬೇಡಿ.

ಎಲೆಕ್ಟ್ರಿಕ್‌ನಲ್ಲಿ ಟಿಯಾಗೊ ಇವಿ, ಎಂಜಿ ಕಾಮೆಟ್ ಇವೆ. ಟ್ರಾಫಿಕ್‌ಗೆ ಇವುಗಳಷ್ಟು ಹಿತವಾದ ಕಾರು ಇನ್ನೊಂದಿಲ್ಲ. ಕ್ಲಚ್ ಇಲ್ಲ, ಗೇರ್ ಇಲ್ಲ, ಸದ್ದಿಲ್ಲ. ಮನೆಯ ಕರೆಂಟಿನಲ್ಲಿ ಚಾರ್ಜ್ ಮಾಡಿದರೆ ಕಿಲೋಮೀಟರಿಗೆ ಒಂದು ರೂಪಾಯಿ ಆಸುಪಾಸು ಬೀಳುತ್ತದೆ, ಪೆಟ್ರೋಲಿಗೆ ಸುಮಾರು ಏಳು. ಕಂಪನಿ ಹೇಳುವ ರೇಂಜಿನಲ್ಲಿ ಮೂರನೇ ಎರಡು ಭಾಗ ಸಿಗುತ್ತದೆ ಅಂದುಕೊಂಡರೂ ದಿನದ ಓಡಾಟಕ್ಕೆ ಧಾರಾಳ. ಆದರೆ ಒಂದು ಷರತ್ತು: ನಿಮ್ಮದೇ ಪಾರ್ಕಿಂಗ್, ಅಲ್ಲಿ ನಿಮ್ಮ ಮೀಟರಿನಿಂದ ಎಳೆದ 15 ಆಂಪ್ ಪಾಯಿಂಟ್ ಇರಬೇಕು. ಬಾಡಿಗೆ ಮನೆಯಲ್ಲಿದ್ದರೆ ಓನರ್ ಒಪ್ಪಿಗೆ, ಅಪಾರ್ಟ್‌ಮೆಂಟಿನಲ್ಲಿದ್ದರೆ ಅಸೋಸಿಯೇಷನ್ ಒಪ್ಪಿಗೆ ಮೊದಲು ಸಿಗಲಿ, ಬುಕಿಂಗ್ ಆಮೇಲೆ ಮಾಡಿ. ರಸ್ತೆಬದಿ ಕಾರು ನಿಲ್ಲಿಸುವವರಿಗೆ ಇವಿ ಬೇಡ.

ಹಂತ 4: ಗೇರ್ ಯಾವುದು?

ದಿನಾ ಒಂದು ಗಂಟೆಗಿಂತ ಜಾಸ್ತಿ ಟ್ರಾಫಿಕ್‌ನಲ್ಲಿ ಇರುವವರು ಆಟೋಮ್ಯಾಟಿಕ್ ತಗೊಳ್ಳಿ. ಇದರಲ್ಲಿ ನನಗೆ ಎರಡು ಮಾತಿಲ್ಲ. ಸನ್‌ರೂಫ್, ದೊಡ್ಡ ಟಚ್‌ಸ್ಕ್ರೀನ್, ಅಲಾಯ್ ಚಕ್ರ ಇವನ್ನೆಲ್ಲ ಬಿಟ್ಟು ಆ ದುಡ್ಡನ್ನು ಗೇರ್‌ಬಾಕ್ಸಿಗೆ ಹಾಕಿ. ನಿಮ್ಮ ಮೊಣಕಾಲು, ಸೊಂಟ ಎರಡೂ ಉಳಿಯುತ್ತವೆ.

ಈ ಬೆಲೆಯಲ್ಲಿ ಹೆಚ್ಚಾಗಿ ಸಿಗುವುದು ಎಎಂಟಿ. ಮಾರುತಿಯವರು ಇದನ್ನೇ ಎಜಿಎಸ್ ಅನ್ನುತ್ತಾರೆ. ಒಳಗಿರುವುದು ಸಾಮಾನ್ಯ ಗೇರ್‌ಬಾಕ್ಸೇ, ಕ್ಲಚ್ ಒತ್ತಿ ಗೇರ್ ಹಾಕುವ ಕೆಲಸವನ್ನು ಯಂತ್ರ ಮಾಡುತ್ತದೆ ಅಷ್ಟೇ. ಹಾಗಾಗಿ ಮೈಲೇಜು ಕಡಿಮೆಯಾಗುವುದಿಲ್ಲ, ಬೆಲೆಯೂ ಐವತ್ತು ಸಾವಿರದ ಆಸುಪಾಸಿನಷ್ಟೇ ಜಾಸ್ತಿ. ಆದರೆ ಗೇರ್ ಬದಲಾಗುವಾಗ ಸಣ್ಣದೊಂದು ಎಳೆತ ಇರುತ್ತದೆ. ಆಕ್ಸಿಲರೇಟರ್ ಮೆಲ್ಲಗೆ ಒತ್ತುವವರಿಗೆ ಅದು ಬೇಗ ರೂಢಿಯಾಗುತ್ತದೆ. ಗೇರುಗಳ ಬದಲು ಬೆಲ್ಟ್ ಇರುವ ಸಿವಿಟಿ ಇದಕ್ಕಿಂತ ತುಂಬಾ ನಯ. ಅದಕ್ಕೆ ತಕ್ಕಂತೆ ಬೆಲೆಯೂ ಮೇಲೆ ಹೋಗುತ್ತದೆ. ಮಾರುತಿಯಲ್ಲಿ ವಿಎಕ್ಸ್‌ಐ ಥರದ ನಡುವಿನ ವೇರಿಯಂಟಿನಲ್ಲೇ ಆಟೋಮ್ಯಾಟಿಕ್ ಸಿಗುತ್ತದೆ, ಟಾಪ್‌ವರೆಗೆ ಹೋಗಬೇಕಾಗಿಲ್ಲ.

ಹಂತ 5: ಏರ್‌ಬ್ಯಾಗ್ ಎಣಿಸುವುದಷ್ಟೇ ಸಾಲದು

ಈಗ ಅಗ್ಗದ ಕಾರುಗಳಲ್ಲೂ ಆರು ಏರ್‌ಬ್ಯಾಗ್ ಬಂದಿವೆ. ಮಾರುತಿ 2025ರಲ್ಲಿ ಆಲ್ಟೊ ಕೆ10, ಸೆಲೆರಿಯೊ, ವ್ಯಾಗನ್‌ಆರ್‌ಗಳಿಗೂ ಆರು ಏರ್‌ಬ್ಯಾಗ್ ಕೊಡಲು ಶುರುಮಾಡಿತು. ಒಳ್ಳೆಯದೇ. ಆದರೆ ಗುದ್ದಿದಾಗ ಕಾರಿನ ಗೂಡು ಗಟ್ಟಿಯಾಗಿ ನಿಲ್ಲಬೇಕು. ಗೂಡು ಮುದುಡಿದರೆ ಏರ್‌ಬ್ಯಾಗ್ ಒಂದೇ ಎಲ್ಲವನ್ನೂ ತಡೆಯಲಾರದು. ಕಾರುಗಳನ್ನು ಗುದ್ದಿಸಿ ನೋಡಿ ಐದರವರೆಗೆ ಸ್ಟಾರ್ ಕೊಡುವ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ 2023ರಲ್ಲಿ ಎರಡು ಏರ್‌ಬ್ಯಾಗಿನ ವ್ಯಾಗನ್‌ಆರ್ ಪರೀಕ್ಷೆ ಮಾಡಿದಾಗ ದೊಡ್ಡವರ ರಕ್ಷಣೆಗೆ ಸಿಕ್ಕಿದ್ದು ಒಂದು ಸ್ಟಾರ್. ಗೂಡು ಸ್ಥಿರವಾಗಿಲ್ಲ ಅಂತಲೂ ಹೇಳಿದ್ದರು. ಅದೇ ಮಾರುತಿಯ ಹೊಸ ಡಿಜೈರ್ 2024ರಲ್ಲಿ ಐದು ಸ್ಟಾರ್ ಪಡೆಯಿತು. ಹಾಗಾಗಿ ಕಂಪನಿಯ ಹೆಸರು ನೋಡಿ ತೀರ್ಮಾನಿಸುವುದು ಬೇಡ, ಮಾಡೆಲ್ ನೋಡಿ.

ಸ್ಟಾರ್ ನೋಡುವಾಗ ಯಾವ ವರ್ಷದ ಪರೀಕ್ಷೆ ಅನ್ನುವುದನ್ನೂ ನೋಡಿ. 2022ರ ಜುಲೈನಿಂದ ಗ್ಲೋಬಲ್ ಎನ್‌ಕ್ಯಾಪ್ ನಿಯಮ ಬಿಗಿಯಾಯಿತು. ಟಿಯಾಗೊಗೆ 2020ರಲ್ಲಿ ಸಿಕ್ಕ ನಾಲ್ಕು ಸ್ಟಾರ್, ಪಂಚ್‌ಗೆ 2021ರಲ್ಲಿ ಸಿಕ್ಕ ಐದು ಸ್ಟಾರ್, ಎರಡೂ ಹಳೆ ನಿಯಮದ ಪ್ರಕಾರ. 2023ರ ಅಕ್ಟೋಬರ್‌ನಿಂದ ನಮ್ಮದೇ ಭಾರತ್ ಎನ್‌ಕ್ಯಾಪ್ ಇದೆ. ಅದರ ವೆಬ್‌ಸೈಟಿನಲ್ಲಿ ಪರೀಕ್ಷೆಯಾದ ಕಾರುಗಳ ಫಲಿತಾಂಶ ನೋಡಬಹುದು. ಕಾರು ಹಿಡಿತ ತಪ್ಪಿ ಜಾರದಂತೆ ನೋಡಿಕೊಳ್ಳುವ ಇಎಸ್‌ಸಿ, ಹಿಂದಿನ ಸೀಟಿನ ನಡುವಿನವರಿಗೂ ಮೂರು ಪಾಯಿಂಟಿನ ಬೆಲ್ಟ್, ಮಕ್ಕಳ ಸೀಟು ಕೂರಿಸುವ ಐಸೋಫಿಕ್ಸ್, ಇವು ನಿಮ್ಮ ವೇರಿಯಂಟಿನಲ್ಲಿ ಇವೆಯಾ ಅಂತ ಬ್ರೋಷರಿನಲ್ಲಿ ನೀವೇ ಓದಿ.

ಹಂತ 6: ಮೂರು ಕಾರು ಉಳಿಸಿಕೊಳ್ಳಿ

ಇಷ್ಟೊತ್ತಿಗೆ ಪಟ್ಟಿ ತಾನೇ ಚಿಕ್ಕದಾಗಿರುತ್ತದೆ. ನನ್ನ ಅಭಿಪ್ರಾಯ ಹೀಗಿದೆ. ಮನೆಯಲ್ಲಿ ಮಂಡಿನೋವಿರುವ ಹಿರಿಯರಿದ್ದರೆ ವ್ಯಾಗನ್‌ಆರ್ ಸೀಟಿನ ಎತ್ತರ ವರದಾನ, ಬಗ್ಗದೆ ನೇರವಾಗಿ ಕೂರಬಹುದು. ಸುರಕ್ಷತೆಯಲ್ಲಿ ಅದು ಹಿಂದೆ ಅನ್ನುವುದು ಮನಸ್ಸಿನಲ್ಲಿರಲಿ. ಬಡಾವಣೆಯ ರಸ್ತೆ ಹಾಳಾಗಿದ್ದು ಎತ್ತರದ ಹಂಪ್‌ಗಳಿದ್ದರೆ ಪಂಚ್ ಅಥವಾ ಎಕ್ಸ್‌ಟರ್ ನೋಡಿ. ಪಂಚ್‌ನ ಗ್ರೌಂಡ್ ಕ್ಲಿಯರೆನ್ಸ್ ಸ್ವಿಫ್ಟ್‌ನದಕ್ಕಿಂತ ಜಾಸ್ತಿ. ಎಂಜಿನ್ ನಡುಗಬಾರದು ಅನ್ನುವವರಿಗೆ ನಾಲ್ಕು ಸಿಲಿಂಡರಿನ ಗ್ರಾಂಡ್ ಐ10 ನಿಯೋಸ್ ಇದೆ. ಟಿಯಾಗೊ, ಹೊಸ ಸ್ವಿಫ್ಟ್ ಎರಡೂ ಮೂರು ಸಿಲಿಂಡರಿನವು, ಸಿಗ್ನಲ್ಲಿನಲ್ಲಿ ನಿಂತಾಗ ಸ್ಟೀರಿಂಗಿನಲ್ಲಿ ಅದು ಗೊತ್ತಾಗುತ್ತದೆ. ಸಿಎನ್‌ಜಿಯೂ ಬೇಕು, ಆಟೋಮ್ಯಾಟಿಕ್ಕೂ ಬೇಕು ಅನ್ನುವವರು ಟಿಯಾಗೊ ನೋಡಬಹುದು. ಒಬ್ಬರೇ ಓಡಾಡುವುದು, ಗಲ್ಲಿ ಕಿರಿದು, ಬಜೆಟ್ಟೂ ಚಿಕ್ಕದು ಅಂದರೆ ಆಲ್ಟೊ ಕೆ10.

ಮನೆ ಹತ್ತಿರದ ಸರ್ವಿಸ್ ಸೆಂಟರ್ ಎಷ್ಟು ದೂರ ಅಂತಲೂ ನೋಡಿ. ಸರ್ವಿಸ್‌ಗೆ ಬಿಡಲು ಇನ್ನೊಂದು ಮೂಲೆಗೆ ಹೋಗಬೇಕಾದರೆ ಒಂದು ರಜೆ ಹೋಯಿತು ಅಂತಲೇ ಲೆಕ್ಕ.

ಹಂತ 7: ಟೆಸ್ಟ್ ಡ್ರೈವ್ ನಿಮ್ಮ ದಾರಿಯಲ್ಲೇ ಆಗಲಿ

ಶೋರೂಮಿನವರು ಕರೆದುಕೊಂಡು ಹೋಗುವುದು ನುಣುಪಾದ ರಸ್ತೆಯಲ್ಲಿ ಒಂದು ಸುತ್ತು. ಅದರಿಂದ ಏನೂ ತಿಳಿಯುವುದಿಲ್ಲ. ಕಾರನ್ನು ಮನೆಗೆ ತರಲು ಹೇಳಿ, ಎಷ್ಟೋ ಶೋರೂಮಿನವರು ತರುತ್ತಾರೆ. ಮನೆಯವರನ್ನೆಲ್ಲ ಕೂರಿಸಿಕೊಳ್ಳಿ. ನಾಲ್ಕು ಜನ ಕೂತಾಗ ನಿಮ್ಮ ರಸ್ತೆಯ ಹಂಪ್‌ಗೆ ತಳ ತಾಗುತ್ತದಾ ನೋಡಿ.

ಆಮೇಲೆ ನಿಮ್ಮ ಬೇಸ್‌ಮೆಂಟಿನ ಇಳಿಜಾರಿಗೆ ಬನ್ನಿ. ಏರುವಾಗ ಅರ್ಧಕ್ಕೆ ನಿಲ್ಲಿಸಿ. ಈಗ ಬ್ರೇಕಿನಿಂದ ಕಾಲು ತೆಗೆದು ಆಕ್ಸಿಲರೇಟರ್ ಮೇಲೆ ಇಡಿ. ಹಿಲ್ ಹೋಲ್ಡ್ ಇರುವ ಕಾರು ಎರಡು ಸೆಕೆಂಡು ಅಲ್ಲೇ ಹಿಡಿದುಕೊಂಡಿದ್ದು ಆಮೇಲೆ ಮುಂದೆ ಹೋಗುತ್ತದೆ. ಇಲ್ಲದ ಎಎಂಟಿ ಕಾರು ಒಂದು ಮೊಳ ಹಿಂದಕ್ಕೆ ಜಾರಿ, ಎಂಜಿನ್ ಒಮ್ಮೆ ಗುರ್ ಅಂದು, ಆಮೇಲೆ ಹತ್ತುತ್ತದೆ. ಹಿಂದೆ ಇನ್ನೊಂದು ಕಾರಿನ ಬಂಪರ್ ಅಂಟಿಕೊಂಡು ನಿಂತಿದ್ದರೆ ಆ ಒಂದು ಮೊಳ ಏನು ಮಾಡುತ್ತದೆ ಅಂತ ಯೋಚಿಸಿ. ಫ್ಲೈಓವರ್ ಏರಿನಲ್ಲಿ ಟ್ರಾಫಿಕ್ ನಿಂತಾಗ ದಿನಾ ಆಗುವುದು ಇದೇ.

ಕಿಟಕಿ ಮುಚ್ಚಿ, ಕಾರು ನಿಂತಲ್ಲೇ ಐದು ನಿಮಿಷ ಎಸಿ ಹಾಕಿ ನೋಡಿ. ರಿವರ್ಸ್ ತೆಗೆಯುವಾಗ ಹಿಂದಿನ ಗಾಜಿನಲ್ಲಿ ಎಷ್ಟು ಕಾಣುತ್ತದೆ ಗಮನಿಸಿ. ಸಾಧ್ಯವಾದರೆ ಸಂಜೆ ಹೊತ್ತು ಹೋಗಿ, ಹೆಡ್‌ಲೈಟ್ ಬೆಳಕು ಎಷ್ಟು ಅನ್ನುವುದೂ ಗೊತ್ತಾಗುತ್ತದೆ.

ಹಂತ 8: ಕೊಟೇಶನ್ ಸಾಲು ಸಾಲಾಗಿ ಓದಿ

ಕನಿಷ್ಠ ಎರಡು ಡೀಲರ್‌ಗಳಿಂದ ಕೊಟೇಶನ್ ತಗೊಳ್ಳಿ. ಒಟ್ಟು ಮೊತ್ತ ಒಂದನ್ನೇ ನೋಡಬೇಡಿ. ಹ್ಯಾಂಡ್ಲಿಂಗ್ ಚಾರ್ಜ್, ಆಕ್ಸೆಸರಿ ಪ್ಯಾಕೇಜ್, ಪಾಲಿಶ್ ಕೋಟಿಂಗ್ ಇವೆಲ್ಲ ಬೇಡ ಅನ್ನಬಹುದಾದವು. ಮಾತು ಹೆಚ್ಚುಕಮ್ಮಿ ಹೀಗೆ ನಡೆಯುತ್ತದೆ:

"ಸರ್, ಇನ್ಶೂರೆನ್ಸ್ ನಮ್ಮಲ್ಲೇ ಮಾಡಿಸಬೇಕು, ಕಂಪಲ್ಸರಿ."

"ಹೌದಾ? ಹಾಗಂತ ಒಂದು ಲೈನ್ ಬರೆದು ಸೀಲ್ ಹಾಕಿ ಕೊಟ್ಟುಬಿಡಿ."

"ಒಂದು ನಿಮಿಷ ಸರ್, ಮ್ಯಾನೇಜರ್ ಹತ್ರ ಮಾತಾಡ್ತೀನಿ."

ಬರೆದು ಕೊಡುವುದಿಲ್ಲ, ಯಾಕೆಂದರೆ ಹಾಗೊಂದು ನಿಯಮ ಇಲ್ಲ. ವಿಮೆ ಎಲ್ಲಿ ಬೇಕಾದರೂ ಮಾಡಿಸಬಹುದು. ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯ, ಸ್ವಂತ ಕಾರಿನ ಹಾನಿಗೆ ಒಂದು ವರ್ಷದ್ದು ಸಾಕು. ಅದರ ಜೊತೆ, ಬದಲಿಸಿದ ಭಾಗಗಳಿಗೆ ಸವಕಳಿ ಕಳೆಯದೆ ದುಡ್ಡು ಕೊಡುವ ಝೀರೋ ಡೆಪ್ ಇರಲಿ. ಮಳೆ ಬಂದರೆ ನೀರು ನಿಲ್ಲುವ ದಾರಿ ನಿಮ್ಮದಾದರೆ ಎಂಜಿನ್ ಪ್ರೊಟೆಕ್ಟ್ ಕೂಡ ಹಾಕಿಸಿ. ನೀರು ಹೊಕ್ಕು ಎಂಜಿನ್ ಕೆಟ್ಟರೆ ಸಾಮಾನ್ಯ ಪಾಲಿಸಿಯಲ್ಲಿ ದುಡ್ಡು ಬರುವುದು ಕಷ್ಟ.

ನೋಂದಣಿಗೆ ಮೊದಲೇ ನಿಮಗೆ ಕೊಡುವ ಕಾರನ್ನು ಯಾರ್ಡಿಗೆ ಹೋಗಿ ಹಗಲು ಬೆಳಕಿನಲ್ಲಿ ನೋಡಿ. ತಯಾರಾದ ತಿಂಗಳು ಕೇಳಿ. ಟೈರಿನ ಪಕ್ಕದಲ್ಲಿರುವ ನಾಲ್ಕು ಅಂಕಿಯಲ್ಲಿ ಮೊದಲೆರಡು ವಾರ, ಕೊನೆಯೆರಡು ವರ್ಷ. ಹೋದ ವರ್ಷದ ಸ್ಟಾಕ್ ಆದರೆ ರಿಯಾಯಿತಿ ಜೋರಾಗಿಯೇ ಕೇಳಿ, ಯಾಕೆಂದರೆ ಮುಂದೆ ಮಾರುವಾಗ ಒಂದು ವರ್ಷದ ಬೆಲೆ ಹೋಗುವುದು ನಿಮ್ಮ ಕೈಯಿಂದ.

ಹಂತ 9: ಸೆಕೆಂಡ್ ಹ್ಯಾಂಡ್ ಆದರೆ

ಮೂರರಿಂದ ಐದು ವರ್ಷ ಹಳೆಯ ಕಾರಾದರೆ ದೊಡ್ಡ ಸವಕಳಿ ಮೊದಲ ಮಾಲೀಕರಿಗೇ ಬಿದ್ದಿರುತ್ತದೆ. ಕರ್ನಾಟಕದ್ದೇ ನೋಂದಣಿಯಾದರೆ ಲೈಫ್‌ಟೈಮ್ ಟ್ಯಾಕ್ಸೂ ಕಟ್ಟಿ ಆಗಿರುತ್ತದೆ. ದೆಹಲಿ ನಂಬರಿನ ಕಾರು ಅಗ್ಗ ಅಂತ ತಂದರೆ ಇಲ್ಲಿ ಮತ್ತೆ ತೆರಿಗೆ ಕಟ್ಟಿ ನಂಬರ್ ಬದಲಿಸಬೇಕು. ಸಾಧ್ಯವಾದರೆ 2023ರ ಏಪ್ರಿಲ್ ನಂತರದ ಕಾರು ನೋಡಿ, ಈಗ ಬಂಕಿನಲ್ಲಿ ಸಿಗುವ, 20% ಎಥನಾಲ್ ಬೆರೆಸಿದ ಇ20 ಪೆಟ್ರೋಲಿಗೆ ಅವುಗಳ ಭಾಗಗಳು ಹೊಂದುತ್ತವೆ.

ಬೆಂಗಳೂರಿನಲ್ಲಿ ಮುಖ್ಯವಾಗಿ ನೋಡಬೇಕಾದದ್ದು ನೀರಲ್ಲಿ ಮುಳುಗಿದ ಕಾರು. 2022ರ ಸೆಪ್ಟೆಂಬರ್ ಮಳೆಯಲ್ಲಿ ಬೆಳ್ಳಂದೂರು, ಯಮಲೂರು, ಸರ್ಜಾಪುರ ರಸ್ತೆಯ ಬಡಾವಣೆಗಳಲ್ಲಿ ಕಾರುಗಳು ನೀರಿನಲ್ಲಿ ನಿಂತಿದ್ದವು. ಅಂಥ ಕಾರನ್ನು ತೊಳೆದು, ಸೀಟು ಬದಲಿಸಿ, ಸೆಂಟು ಹೊಡೆದು ಮಾರಬಹುದು. ಆದರೆ ಕೆಲವು ಗುರುತು ಉಳಿಯುತ್ತವೆ. ಸೀಟ್ ಬೆಲ್ಟನ್ನು ಕೊನೆವರೆಗೂ ಎಳೆಯಿರಿ. ಒಳಗೆ ಸುತ್ತಿಕೊಂಡಿದ್ದ ಭಾಗದಲ್ಲಿ ಮಣ್ಣಿನ ಗೆರೆ ಕಂಡರೆ ಮಾತು ಅಲ್ಲಿಗೇ ಮುಗಿಯಲಿ. ಮೊಬೈಲ್ ಟಾರ್ಚ್ ಹಿಡಿದು ಸೀಟಿನ ಕೆಳಗಿನ ಹಳಿ, ಬೋಲ್ಟು ನೋಡಿ. ಅಲ್ಲಿ ತುಕ್ಕು ಹಿಡಿಯಲು ಕಾರಣವೇ ಇಲ್ಲ. ಸ್ಟೆಪ್ನಿ ಎತ್ತಿ, ಕೆಳಗಿನ ಗುಂಡಿಯ ಮೂಲೆಗೆ ಬೆರಳು ಹಾಕಿ, ಒಣಗಿದ ಕೆಸರು ಬರುತ್ತದಾ ನೋಡಿ. ಎಸಿ ಹಾಕಿದ ಮೊದಲ ನಿಮಿಷದ ವಾಸನೆ ಮೂಸಿ. ಕಾರಿನೊಳಗೆ ಸುವಾಸನೆ ವಿಪರೀತ ಜಾಸ್ತಿಯಿದ್ದರೂ ಅನುಮಾನ ಪಡಬೇಕು.

ನಿಮಗೆ ನಂಬಿಕೆಯಿರುವ ಮೆಕ್ಯಾನಿಕ್‌ಗೆ ದುಡ್ಡು ಕೊಟ್ಟು ಜೊತೆಗೆ ಕರೆದುಕೊಂಡು ಹೋಗಿ. ಎಂಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕಿದರೆ ಆರ್‌ಸಿ ವಿವರ, ವಿಮೆ, ಬಾಕಿ ಚಲನ್ ಕಾಣುತ್ತವೆ. ಟ್ರಾಫಿಕ್ ದಂಡ ಬಾಕಿಯಿದ್ದರೆ ಮಾರುವವರೇ ಕಟ್ಟಲಿ. ಕಾರಿನ ಮೇಲೆ ಸಾಲವಿದ್ದರೆ ಬ್ಯಾಂಕಿನ ಎನ್‌ಒಸಿ ಮತ್ತು ಆರ್‌ಸಿಯಿಂದ ಸಾಲದ ನಮೂದು ತೆಗೆಸುವ ಫಾರಂ 35 ಕೈಗೆ ಬರುವ ತನಕ ಪೂರ್ತಿ ಹಣ ಕೊಡಬೇಡಿ.

ಕಾರನ್ನು ನಿಮ್ಮ ಹೆಸರಿಗೆ ಬದಲಿಸುವ ಫಾರಂ 29, 30ಕ್ಕೆ ಇಬ್ಬರೂ ಸಹಿ ಹಾಕಿ ಆರ್‌ಟಿಒಗೆ ಹೋಗಬೇಕು. ಒಂದೇ ರಾಜ್ಯದೊಳಗೆ ಮಾರಿದವರು 14 ದಿನದಲ್ಲಿ ತಿಳಿಸಬೇಕು, ಕೊಂಡವರು 30 ದಿನದಲ್ಲಿ ಅರ್ಜಿ ಹಾಕಬೇಕು. "ಆಮೇಲೆ ಮಾಡಿಸೋಣ ಬಿಡಿ" ಅನ್ನುವ ಮಾತಿಗೆ ಒಪ್ಪಬೇಡಿ. ವಿಮೆಯನ್ನೂ 14 ದಿನದೊಳಗೆ ನಿಮ್ಮ ಹೆಸರಿಗೆ ಬದಲಿಸಲು ಅರ್ಜಿ ಕೊಡಿ. ಪಾಲಿಸಿ ಹಳೆಯ ಮಾಲೀಕರ ಹೆಸರಿನಲ್ಲೇ ಇದ್ದು ಕಾರಿಗೆ ಏನಾದರೂ ಆದರೆ, ನಿಮ್ಮ ಕಾರಿನ ರಿಪೇರಿಗೆ ವಿಮಾ ಕಂಪನಿ ದುಡ್ಡು ಕೊಡದೆ ಹೋಗಬಹುದು. ಕ್ಲೇಮ್ ಮಾಡದ್ದಕ್ಕೆ ಹಳೆಯ ಮಾಲೀಕರಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ, ಅಂದರೆ ನೋ ಕ್ಲೇಮ್ ಬೋನಸ್, ಕಾರಿನ ಜೊತೆ ಬರುವುದಿಲ್ಲ, ಅದು ಅವರದೇ. ಹಾಗಾಗಿ ಪ್ರೀಮಿಯಂನಲ್ಲಿ ಆ ವ್ಯತ್ಯಾಸ ಕಟ್ಟಲು ಒಂದಿಷ್ಟು ಹಣವನ್ನು ಬಜೆಟ್ಟಿನಲ್ಲೇ ತೆಗೆದಿಟ್ಟುಕೊಳ್ಳಿ.